ಒಳ್ಳೆಯ ವೈರಸ್ ಎಂಬ ಆತುರದ ತೀರ್ಪು

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬ ಮಾತನ್ನು ನಾವು ರೋಗಗಳ ವಿಷಯಕ್ಕೂ ಸಲೀಸಾಗಿ ಅನ್ವಯಿಸಿಬಿಡುತ್ತೇವೆ. ವಿಷಕ್ಕೆ ವಿಷವೇ ಮದ್ದು, ಒಂದು ರೋಗಾಣುವನ್ನು ಇನ್ನೊಂದು ರೋಗಾಣು ಹೊಡೆದುಹಾಕುತ್ತದೆ ಎಂದರೆ ಕೇಳುವವರಿಗೆ ಥಟ್ಟನೆ ಒಪ್ಪಿಗೆಯಾಗುತ್ತದೆ. ಎಚ್‌ಐವಿಯ ವಿಷಯದಲ್ಲಂತೂ ಈ ನಂಬಿಕೆಗೆ ಪ್ರಯೋಗಾಲಯದ ಮುದ್ರೆಯೇ ಬಿದ್ದಿದೆ ಎನ್ನುವವರಿದ್ದಾರೆ. ಅವರು ಬೊಟ್ಟುಮಾಡಿ ತೋರಿಸುವುದು ಜಿಬಿ ವೈರಸ್ ಸಿ ಎಂಬ ವೈರಸ್ಸನ್ನು. ಇದು ಮೈಯಲ್ಲಿದ್ದರೆ ಎಚ್‌ಐವಿ ಸೋಂಕಿತರು ಹೆಚ್ಚು ಕಾಲ ಬದುಕುತ್ತಾರಂತೆ. ಹಾಗಾಗಿ ಇದು ‘ಒಳ್ಳೆಯ ವೈರಸ್’, ಪ್ರಕೃತಿಯೇ ಕೊಟ್ಟ ಮದ್ದು ಎಂಬ ತೀರ್ಮಾನ. ಇದಕ್ಕೆ ತದ್ವಿರುದ್ಧವಾಗಿ, ಇದೆಲ್ಲ ಅಂಕಿಅಂಶಗಳು ಹುಟ್ಟಿಸಿದ ಭ್ರಮೆ, ಆ ವೈರಸ್ ಬರೀ ದಾರಿಹೋಕ ಎಂದು ಕಡತ ಮುಚ್ಚಿದವರೂ ಇದ್ದಾರೆ.

ಎರಡೂ ಆತುರದ ತೀರ್ಪುಗಳೆಂಬುದು ನನ್ನ ವಾದ. ಎರಡರಲ್ಲಿ ಮೊದಲನೆಯದು ಅಪಾಯಕಾರಿಯೂ ಹೌದು. ಈ ವೈರಸ್ ಎಚ್‌ಐವಿಯ ವೃದ್ಧಿಗೆ ಅಡ್ಡಿಪಡಿಸುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರಗಳಿವೆ. ಆದರೆ ಅದು ಎಚ್‌ಐವಿಯ ಮೇಲೆ ಬಿದ್ದು ಕಾದಾಡುವುದಿಲ್ಲ. ಅದು ಬದಲಿಸುವುದು ನಮ್ಮದೇ ರಕ್ತಕಣಗಳ ನಡವಳಿಕೆಯನ್ನು. ಈ ವ್ಯತ್ಯಾಸ ಗೊತ್ತಾದರೆ, ಈ ಸಂಶೋಧನೆಯಿಂದ ನಮಗೆ ಸಿಕ್ಕಿದ್ದೇನು, ಸಿಗದೇ ಇರುವುದೇನು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಮೊದಲು ಈ ವೈರಸ್ಸಿನ ಪೂರ್ವೋತ್ತರ. 1960ರ ದಶಕದಲ್ಲಿ ಶಿಕಾಗೊದ ಒಬ್ಬ ಶಸ್ತ್ರವೈದ್ಯರಿಗೆ ಕಾಮಾಲೆ ಬಂತು. ಅವರ ಹೆಸರಿನ ಮೊದಲಕ್ಷರಗಳು ಜಿ ಮತ್ತು ಬಿ. ಅವರ ರಕ್ತದ ಸೀರಮ್ಮನ್ನು ಟ್ಯಾಮರಿನ್ ಎಂಬ ಪುಟ್ಟ ಕೋತಿಗಳಿಗೆ ಚುಚ್ಚಿದಾಗ ಅವಕ್ಕೂ ಯಕೃತ್ತಿನ ಉರಿಯೂತ ಕಾಣಿಸಿತು. ಫ್ರೀಡ್ರಿಶ್ ಡೈನ್‌ಹಾರ್ಟ್ ಮತ್ತು ಸಂಗಡಿಗರು ಇದನ್ನು 1967ರಲ್ಲಿ ವರದಿ ಮಾಡಿದರು. 1995ರಲ್ಲಿ ಅಬಾಟ್ ಕಂಪನಿಯ ವಿಜ್ಞಾನಿಗಳು ಆ ಜಾಡು ಹಿಡಿದು ಹೊರಟು, ಮನುಷ್ಯರಲ್ಲಿ ವಾಸಿಸುವ ಹೊಸ ವೈರಸ್ಸೊಂದನ್ನು ಪತ್ತೆಹಚ್ಚಿ ಜಿಬಿ ವೈರಸ್ ಸಿ ಎಂದು ಕರೆದರು. ಮರುವರ್ಷವೇ ಜೀನ್‌ಲ್ಯಾಬ್ಸ್ ಎಂಬ ಇನ್ನೊಂದು ಕಂಪನಿಯ ತಂಡ ಹೆಪಟೈಟಿಸ್ ಜಿ ಎಂಬ ಹೆಸರಿನಲ್ಲಿ ಪ್ರಕಟಿಸಿದ್ದೂ ಇದೇ ವೈರಸ್ಸನ್ನೇ. ಇದು ಯಕೃತ್ತಿನ ರೋಗಕ್ಕೆ ಕಾರಣವಲ್ಲ, ಇದರ ವಾಸ ಮುಖ್ಯವಾಗಿ ಬಿಳಿ ರಕ್ತಕಣಗಳ ಗುಂಪಿನ ಲಿಂಫೋಸೈಟುಗಳಲ್ಲಿ ಎಂಬುದು ತಿಳಿದದ್ದು ಆಮೇಲೆ. ಈಗ ವೈರಾಣು ತಜ್ಞರು ಇದನ್ನು ಹ್ಯೂಮನ್ ಪೆಗಿವೈರಸ್ ಎನ್ನುತ್ತಾರೆ. ರಕ್ತದ ಮೂಲಕ, ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಮಗುವಿಗೆ, ಹೀಗೆ ಇದು ಹರಡುವ ದಾರಿಗಳೂ ಎಚ್‌ಐವಿಯವೇ. ಆದ್ದರಿಂದ ಎಚ್‌ಐವಿ ಸೋಂಕಿತರಲ್ಲಿ ಇದು ಉಳಿದವರಿಗಿಂತ ಬಹಳ ಹೆಚ್ಚಾಗಿ ಕಾಣಸಿಗುತ್ತದೆ. ಆರೋಗ್ಯವಂತರ ಪೈಕಿ ಹೆಚ್ಚಿನವರ ದೇಹ ಕಾಲಕ್ರಮದಲ್ಲಿ ಇದನ್ನು ಹೊರಹಾಕುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

1998ರ ಹೊತ್ತಿಗೆ ಜಪಾನ್ ಮತ್ತು ಜರ್ಮನಿಯ ವೈದ್ಯರು ಒಂದು ವಿಚಿತ್ರವನ್ನು ಗಮನಿಸಿದರು. ಎರಡೂ ವೈರಸ್ಸುಗಳನ್ನು ಹೊತ್ತವರಲ್ಲಿ ಏಡ್ಸ್ ನಿಧಾನವಾಗಿ ಬರುತ್ತಿತ್ತು. ಒಂದು ಸೋಂಕಿನ ಮೇಲೆ ಇನ್ನೊಂದು ಸೋಂಕು ಬಂದರೆ ರೋಗಿ ಬೇಗ ಕುಸಿಯಬೇಕು ಎನ್ನುವುದೇ ಅಲ್ಲಿಯವರೆಗಿನ ಅನುಭವವಾಗಿತ್ತು. 2001ರ ಸೆಪ್ಟೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನಗಳು ಬಂದವು. ಒಂದು ಜರ್ಮನಿಯ ಹ್ಯಾನೋವರ್‌ನದು, ಇನ್ನೊಂದು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ್ದು. ಅಯೋವಾದಲ್ಲಿ ಜ್ಯಾಕ್ ಸ್ಟೇಪಲ್‌ಟನ್ ಅವರ ತಂಡ ಪರೀಕ್ಷಿಸಿದ ಎಚ್‌ಐವಿ ಸೋಂಕಿತರು 362 ಮಂದಿ. ಇವರಲ್ಲಿ 144 ಮಂದಿಯ ರಕ್ತದಲ್ಲಿ ಜಿಬಿ ವೈರಸ್ ಇತ್ತು. ಅಧ್ಯಯನದ ಅವಧಿಯಲ್ಲಿ ಈ 144ರಲ್ಲಿ ತೀರಿಕೊಂಡವರು 41 ಮಂದಿ, ಅಂದರೆ ಶೇ. 28.5. ವೈರಸ್ ಇಲ್ಲದ 218 ಮಂದಿಯಲ್ಲಿ ತೀರಿಕೊಂಡವರು 123, ಅಂದರೆ ಶೇ. 56.4. ಚಿಕಿತ್ಸೆ, ವಯಸ್ಸು, ಆರಂಭದಲ್ಲಿದ್ದ ಸಿಡಿ4 ಎಂಬ ಬಿಳಿ ರಕ್ತಕಣಗಳ ಸಂಖ್ಯೆ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಅಳಿಯಲಿಲ್ಲ.

‘ಒಳ್ಳೆಯ ವೈರಸ್’ ಪಕ್ಷದವರು ನಿಲ್ಲುವುದು ಇಲ್ಲಿ. ಅರ್ಧಕ್ಕರ್ಧ ಸಾವು ಕಡಿಮೆಯೆಂದ ಮೇಲೆ ಇನ್ನೇನು ಬೇಕು ಎಂಬುದು ಅವರ ಪ್ರಶ್ನೆ. ಬೇಕಾದದ್ದು ಬಹಳ ಇದೆ. ಈ ವೈರಸ್ ವಾಸಿಸುವುದು ಲಿಂಫೋಸೈಟುಗಳಲ್ಲಿ ಎಂದೆನಲ್ಲ, ಎಚ್‌ಐವಿ ನಾಶ ಮಾಡುವ ಸಿಡಿ4 ಕಣಗಳೂ ಆ ಗುಂಪಿನವೇ. ಎಚ್‌ಐವಿ ರೋಗ ಮುಂದುವರಿದಂತೆ ಸಿಡಿ4 ಕಣಗಳು ಕರಗುತ್ತವೆ. ಅವು ಕರಗಿದರೆ ಜಿಬಿ ವೈರಸ್ಸಿಗೆ ನೆಲೆ ತಪ್ಪುತ್ತದೆ, ಅದು ರಕ್ತದಿಂದ ಮರೆಯಾಗಬಹುದು. ಹಾಗಾದರೆ ವೈರಸ್ ಇದ್ದುದರಿಂದ ರೋಗಿ ಚೆನ್ನಾಗಿದ್ದನೋ, ರೋಗಿ ಚೆನ್ನಾಗಿದ್ದುದರಿಂದ ವೈರಸ್ ಉಳಿಯಿತೋ? ಕಾರಣವನ್ನು ಪರಿಣಾಮವೆಂದೂ ಪರಿಣಾಮವನ್ನು ಕಾರಣವೆಂದೂ ಓದಿಕೊಳ್ಳುವ ಸಾಧ್ಯತೆ ಇಲ್ಲಿ ಕಣ್ಣಿಗೆ ರಾಚುವಂತಿದೆ. 2004ರಲ್ಲಿ ಸ್ವೀಡನ್‌ನ ಸಂಶೋಧಕರು, ಎಚ್‌ಐವಿ ಪತ್ತೆಯಾದ ಹೊತ್ತಿನಲ್ಲಿ ಈ ವೈರಸ್ ಇತ್ತೋ ಇಲ್ಲವೋ ಎಂಬುದರಿಂದ ಮುಂದಿನ ಸಾವುನೋವನ್ನು ಹೇಳಲಾಗುವುದಿಲ್ಲ ಎಂದು ತೋರಿಸಿದರು. ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನ ತಂಡವೂ ಜಿಬಿ ವೈರಸ್ ಉಳಿಯಲು ಸಿಡಿ4 ಕಣಗಳು ಬೇಕು ಎಂಬ ವಿವರಣೆಯನ್ನೇ ಮುಂದಿಟ್ಟಿತು.

ದಾರಿಹೋಕ ಎನ್ನುವವರ ವಾದಕ್ಕೆ ಬಲ ಬಂದದ್ದು ಇಲ್ಲಿಂದ. ಆದರೆ ಅವರೂ ಇಲ್ಲಿಯೇ ಓದು ನಿಲ್ಲಿಸಿಬಿಟ್ಟರು. ಅಮೆರಿಕದ ಬಾಲ್ಟಿಮೋರ್, ಶಿಕಾಗೊ, ಪಿಟ್ಸ್‌ಬರ್ಗ್, ಲಾಸ್ ಏಂಜಲೀಸ್ ನಗರಗಳ ಸಲಿಂಗಕಾಮಿ ಪುರುಷರನ್ನು 1984ರಿಂದ ನಿಯಮಿತವಾಗಿ ಪರೀಕ್ಷಿಸುತ್ತ ಬಂದ ದೊಡ್ಡ ಅಧ್ಯಯನವೊಂದಿದೆ. ಎಚ್‌ಐವಿ ಸೋಂಕು ತಗುಲಿದ್ದು ಸರಿಸುಮಾರು ಯಾವಾಗ ಎಂಬುದು ಅಲ್ಲಿ ಗೊತ್ತು. ಆಗಿನ ರಕ್ತದ ಮಾದರಿಗಳೂ ಶೈತ್ಯಾಗಾರದಲ್ಲಿ ಭದ್ರವಾಗಿದ್ದವು. ಇಂಥ 271 ಮಂದಿಯ ಮಾದರಿಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ಎರಡು ಪಕ್ಷದವರೂ ನಿಧಾನವಾಗಿ ಓದಬೇಕು. ಸೋಂಕು ತಗುಲಿದ ಒಂದು, ಒಂದೂವರೆ ವರ್ಷದ ಹೊತ್ತಿಗೆ ಜಿಬಿ ವೈರಸ್ ಇದ್ದದ್ದರಿಂದ ಆಯುಷ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಿರಲಿಲ್ಲ. ಐದಾರು ವರ್ಷದ ನಂತರವೂ ವೈರಸ್ ಉಳಿದಿದ್ದವರಿಗೆ ಹೋಲಿಸಿದರೆ, ಇಲ್ಲದವರು ಸಾಯುವ ಸಾಧ್ಯತೆ ಎರಡೂಮುಕ್ಕಾಲು ಪಟ್ಟು ಹೆಚ್ಚಿತ್ತು. ಎಲ್ಲರಿಗಿಂತ ಕೆಟ್ಟ ಸ್ಥಿತಿ, ಮೊದಲು ವೈರಸ್ ಇದ್ದು ಆಮೇಲೆ ಅದನ್ನು ಕಳೆದುಕೊಂಡವರದು. 2006ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆ ಹೇಳಿದ್ದೂ ಇದನ್ನೇ: ಆರಂಭದ ಹಂತದಲ್ಲಿ ಖಚಿತ ಲಾಭವಿಲ್ಲ, ನಂತರದ ಹಂತದಲ್ಲಿ ಲಾಭ ಕಾಣುತ್ತದೆ.

ಮೊದಲ ದಿನಗಳಲ್ಲಿ ಅಳೆದರೆ ಲಾಭವಿಲ್ಲ, ಕೊನೆಯ ದಿನಗಳಲ್ಲಿ ಅಳೆದರೆ ಇದೆ ಎಂಬ ಈ ಚಿತ್ರಕ್ಕೆ ಎರಡು ಅರ್ಥ ಸಾಧ್ಯ. ಸಿಡಿ4 ಕುಸಿದವರಲ್ಲಿ ವೈರಸ್ ಅಳಿಯಿತು ಎನ್ನಬಹುದು. ವೈರಸ್ ಬಹುಕಾಲ ನೆಲೆ ನಿಂತರೆ ಮಾತ್ರ ರಕ್ಷಣೆ ಎಂದೂ ಹೇಳಬಹುದು. ರೋಗಿಗಳನ್ನು ಬರೀ ಗಮನಿಸುವ ಅಧ್ಯಯನಗಳಿಂದ ಇವೆರಡನ್ನು ಪೂರ್ತಿ ಬಿಡಿಸಲಾಗದು. ಇನ್ನೊಂದು ಬಗೆಯ ಸಾಕ್ಷ್ಯ ಬೇಕು. ಅಂಥದ್ದು ಸ್ವಲ್ಪ ಸಿಕ್ಕಿದೆ. 1990ರ ದಶಕದಲ್ಲಿ ರಕ್ತಹೀನತೆಯಿಂದ ಬಳಲುತ್ತಿದ್ದ, ರೋಗ ಬಹಳ ಮುಂದುವರಿದಿದ್ದ ಎಚ್‌ಐವಿ ರೋಗಿಗಳಿಗೆ ರಕ್ತ ಕೊಟ್ಟು ನಡೆಸಿದ ಅಮೆರಿಕದ ಅಧ್ಯಯನವೊಂದರ ಮಾದರಿಗಳನ್ನು ಮತ್ತೆ ತೆರೆದು ನೋಡಿದರು. ದಾನಿಗಳ ರಕ್ತದಲ್ಲಿ ಈ ವೈರಸ್ಸಿಗಾಗಿ ತಪಾಸಣೆ ಮಾಡುವ ಪದ್ಧತಿ ಇಲ್ಲದ್ದರಿಂದ ಕೆಲವರಿಗೆ ಅದು ಹೊಸದಾಗಿ ತಗುಲಿತ್ತು. ಹಾಗೆ ತಗುಲಿದವರಲ್ಲಿ ಸಾವು ಕಡಿಮೆ ಎಂದು 2012ರಲ್ಲಿ ವರದಿಯಾಯಿತು. ಇವರ ಸಿಡಿ4 ಮೊದಲೇ ಕುಸಿದಿತ್ತು. ಚೆನ್ನಾಗಿದ್ದವರಲ್ಲಷ್ಟೇ ವೈರಸ್ ಉಳಿಯುತ್ತದೆ ಎಂಬ ಒಂದೇ ವಿವರಣೆಯಿಂದ ಈ ಫಲಿತಾಂಶವನ್ನು ತಳ್ಳಿಹಾಕಲು ಬರುವುದಿಲ್ಲ. ಹೊಸದಾಗಿ ಸೋಂಕು ತಗುಲಿದವರ ಸಂಖ್ಯೆ ಚಿಕ್ಕದು, ನಿಜ. ಆದರೂ ಕಡತ ಮುಚ್ಚಿದವರು ಅದನ್ನು ಮತ್ತೆ ತೆರೆಯಲು ಇಷ್ಟು ಸಾಕು.

ಇದಕ್ಕಿಂತ ಬಲವಾದ ಸಾಕ್ಷ್ಯ ಪ್ರಯೋಗಾಲಯದ್ದು. ದಾನಿಯ ರಕ್ತದಿಂದ ಬೇರ್ಪಡಿಸಿದ ಕಣಗಳಿಗೆ ಜಿಬಿ ವೈರಸ್ ಸೋಂಕಿಸಿ, ಎಚ್‌ಐವಿಯನ್ನೂ ಬಿಟ್ಟರೆ, ಎಚ್‌ಐವಿಯ ವೃದ್ಧಿ ಕುಗ್ಗುತ್ತದೆ. ಅಯೋವಾದ ತಂಡ ಇದನ್ನು ಮತ್ತೆಮತ್ತೆ ತೋರಿಸಿದೆ. ಇಲ್ಲಿ ರೋಗಿಯ ವಯಸ್ಸಿಲ್ಲ, ಚಿಕಿತ್ಸೆಯಿಲ್ಲ, ಅವನು ಎಷ್ಟು ವರ್ಷ ಬದುಕಿದ ಎಂಬ ಲೆಕ್ಕವಿಲ್ಲ. ಹೀಗಾಗುವುದು ಹೇಗೆ? ಎಚ್‌ಐವಿ ಜೀವಕೋಶದ ಒಳಗೆ ಹೋಗಬೇಕಾದರೆ ಕಣದ ಹೊರಮೈಯಲ್ಲಿರುವ ಸಿಡಿ4 ಗ್ರಾಹಿಯ ಜೊತೆಗೆ ಇನ್ನೊಂದು ಬಾಗಿಲೂ ಬೇಕು. ಸಾಮಾನ್ಯವಾಗಿ ಅದು ಸಿಸಿಆರ್5 ಎಂಬ ಗ್ರಾಹಿ. ಕೆಲವು ಬಗೆಯ ಎಚ್‌ಐವಿಗೆ ಸಿಎಕ್ಸ್‌ಸಿಆರ್4. ಜಿಬಿ ವೈರಸ್ ಸೋಂಕಿದಾಗ ಆ ಕಣಗಳು ರ್‍ಯಾಂಟೆಸ್ ಮುಂತಾದ ಸಂಕೇತದ ಪ್ರೋಟೀನುಗಳನ್ನು ಹೆಚ್ಚಾಗಿ ಸ್ರವಿಸುತ್ತವೆ. ಈ ಪ್ರೋಟೀನುಗಳು ಹೋಗಿ ಕೂರುವ ಜಾಗವೂ ಅದೇ ಸಿಸಿಆರ್5. ಅವು ಕೂತ ಮೇಲೆ ಎಚ್‌ಐವಿಗೆ ಜಾಗವಿಲ್ಲ. ಮೇಲಾಗಿ ಕಣದ ಹೊರಮೈಯಲ್ಲಿ ಸಿಸಿಆರ್5 ಕಡಿಮೆಯೂ ಆಗುತ್ತದೆ.

ಇನ್ನೊಂದು ದಾರಿ ಇದಕ್ಕಿಂತ ಕುತೂಹಲದ್ದು. ಎಚ್‌ಐವಿ ಚೆನ್ನಾಗಿ ವೃದ್ಧಿಯಾಗುವುದು ಉದ್ರೇಕಗೊಂಡ ಟಿ ಕಣಗಳಲ್ಲಿ, ಅಂದರೆ ಸಿಡಿ4 ಕಣಗಳೂ ಸೇರಿರುವ ಲಿಂಫೋಸೈಟುಗಳಲ್ಲಿ. ಜಿಬಿ ವೈರಸ್ಸಿನ ಹೊರಕವಚದ ಇ2 ಎಂಬ ಪ್ರೋಟೀನು, ಟಿ ಕಣ ಉದ್ರೇಕಗೊಳ್ಳಲು ಬೇಕಾದ ಸಂಕೇತ ಸರಪಳಿಯ ಮೊದಲ ಕೊಂಡಿಯನ್ನೇ ತಡೆಯುತ್ತದೆ. ಟಿ ಕಣ ಶಾಂತವಾಗಿಯೇ ಉಳಿಯುತ್ತದೆ. 2009ರಲ್ಲಿ ಬ್ರೆಜಿಲ್‌ನ ಸಂಶೋಧಕರು ಎಚ್‌ಐವಿ ಸೋಂಕಿತರನ್ನು ಪರೀಕ್ಷಿಸಿ, ಜಿಬಿ ವೈರಸ್ ಇರುವವರ ಟಿ ಕಣಗಳಲ್ಲಿ ಉದ್ರೇಕದ ಗುರುತುಗಳು ಕಡಿಮೆ ಎಂದು ಕಂಡರು. ರಕ್ತದಲ್ಲಿ ಎಚ್‌ಐವಿ ಎಷ್ಟಿದೆ ಎಂಬುದನ್ನು ಇದು ಅವಲಂಬಿಸಿರಲಿಲ್ಲ. ಈ ಮಾತಿನ ಮಹತ್ವ ತಿಳಿಯಲು ಆಫ್ರಿಕಾದ ಸೂಟಿ ಮ್ಯಾಂಗಬಿ ಎಂಬ ಕೋತಿಗಳನ್ನು ನೆನೆಯಬೇಕು. ಎಚ್‌ಐವಿಯ ದಾಯಾದಿಯಾದ ಎಸ್‌ಐವಿ ಅವುಗಳ ರಕ್ತದಲ್ಲಿ ತುಂಬಿ ತುಳುಕುತ್ತದೆ. ಆದರೂ ಅವಕ್ಕೆ ಏಡ್ಸ್ ಬರುವುದು ತೀರಾ ಅಪರೂಪ. ಅವುಗಳ ರೋಗನಿರೋಧಕ ವ್ಯವಸ್ಥೆ ವರ್ಷಗಟ್ಟಲೆ ಕೆರಳಿ ನಿಲ್ಲುವುದಿಲ್ಲ ಎಂಬುದು ಇದಕ್ಕೊಂದು ಮುಖ್ಯ ಕಾರಣ. ಏಡ್ಸ್ ಎಂದರೆ ವೈರಸ್ ಮಾಡುವ ನಾಶ ಮಾತ್ರ ಎಂದು ತಿಳಿದಿದ್ದೆವು. ದೇಹ ಸದಾ ಕೆರಳಿದ ಸ್ಥಿತಿಯಲ್ಲಿದ್ದು ತನ್ನನ್ನು ತಾನೇ ಸವೆಸಿಕೊಳ್ಳುವುದೂ ಆ ರೋಗದ ಭಾಗವೆಂಬ ತಿಳಿವಳಿಕೆಯನ್ನು ಜಿಬಿ ವೈರಸ್ಸಿನ ಅಧ್ಯಯನ ಗಟ್ಟಿಗೊಳಿಸಿತು.

ಹಾಗಾಗಿ ‘ಒಂದು ವೈರಸ್ ಇನ್ನೊಂದನ್ನು ಕೊಲ್ಲುತ್ತದೆ’ ಎಂಬ ಚಿತ್ರಣವೇ ತಪ್ಪು. ಜಿಬಿ ವೈರಸ್ಸಿಗೆ ಎಚ್‌ಐವಿಯ ಮೇಲೆ ದ್ವೇಷವಿಲ್ಲ, ನಮ್ಮ ಮೇಲೆ ಪ್ರೀತಿಯೂ ಇಲ್ಲ. ರೋಗನಿರೋಧಕ ಕಣಗಳ ನಡುವೆ ವರ್ಷಗಟ್ಟಲೆ ಸಿಕ್ಕಿಬೀಳದೆ ಬದುಕಬೇಕಾದರೆ ಆ ಕಣಗಳನ್ನು ತಣ್ಣಗಿಡಬೇಕು. ಅದು ಮಾಡಿಕೊಂಡ ಏರ್ಪಾಡು ಇಷ್ಟೇ. ಎಚ್‌ಐವಿ ಬಂದ ದೇಹದಲ್ಲಿ ಆ ಏರ್ಪಾಡಿನಿಂದ ಲಾಭವಾಗಬಹುದು. ಬೇರೆ ಸಂದರ್ಭದಲ್ಲಿ ಅದೇ ಏರ್ಪಾಡು ನಷ್ಟಕ್ಕೂ ಕಾರಣವಾಗಬಹುದು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಈ ವೈರಸ್ಸಿಗೂ ನಾನ್-ಹಾಜ್ಕಿನ್ ಲಿಂಫೋಮಾ ಎಂಬ ಕ್ಯಾನ್ಸರಿಗೂ ನಂಟು ಇದೆಯೆಂದು ಹೇಳಿತು. ಇದೂ ನಂಟು ಮಾತ್ರ, ಕಾರಣವೆಂದು ಸಾಬೀತಾಗಿಲ್ಲ. ಆದರೆ ಲಾಭದ ನಂಟನ್ನು ಕಣ್ಣಿಗೊತ್ತಿಕೊಳ್ಳುವವರು ನಷ್ಟದ ನಂಟನ್ನು ಕಂಡೂ ಕಾಣದಂತೆ ದಾಟಿಹೋಗುವುದು ನ್ಯಾಯವಲ್ಲ.

ಎಚ್‌ಐವಿಯ ವೃದ್ಧಿ ಕುಗ್ಗಿತು ಎಂದ ಮಾತ್ರಕ್ಕೆ ರೋಗಿಗೆ ಒಳ್ಳೆಯದಾಯಿತು ಎನ್ನುವಂತೆಯೂ ಇಲ್ಲ. 2000ದಲ್ಲಿ ಥಾಯ್ಲೆಂಡ್‌ನಿಂದ ಬಂದ ವರದಿಯ ಪ್ರಕಾರ ಸ್ಕ್ರಬ್ ಟೈಫಸ್ ಜ್ವರ ಬಂದ ಕೆಲವು ಎಚ್‌ಐವಿ ರೋಗಿಗಳ ರಕ್ತದಲ್ಲಿ ಎಚ್‌ಐವಿ ಪ್ರಮಾಣ ಇಳಿದಿತ್ತು. 2002ರಲ್ಲಿ ಜಾಂಬಿಯಾದ ಲುಸಾಕಾದಲ್ಲಿ ದಡಾರ ಬಂದ ಎಚ್‌ಐವಿ ಸೋಂಕಿತ ಮಕ್ಕಳಲ್ಲೂ ಇದೇ ಕಂಡುಬಂತು. ದಡಾರ ಇಳಿಯುತ್ತಿದ್ದಂತೆ ಎಚ್‌ಐವಿ ಮತ್ತೆ ಏರಿತು. ಎಚ್‌ಐವಿ ಇರುವ ಮಗುವಿಗೆ ದಡಾರ ಬಂದರೆ ಪ್ರಾಣಕ್ಕೇ ಕುತ್ತು. ಪರೀಕ್ಷೆಯ ಚೀಟಿಯಲ್ಲಿ ಅಂಕಿ ಇಳಿದದ್ದನ್ನು ನೋಡಿ ದಡಾರವನ್ನು ಯಾರಾದರೂ ಮದ್ದು ಎಂದಾರೆಯೆ? ಕಾಯಿಲೆಯ ಲೆಕ್ಕವನ್ನು ಇಡೀ ಮನುಷ್ಯನ ಮೇಲೆ ಮಾಡಬೇಕು.

ಮುಳ್ಳಿಗೆ ಮುಳ್ಳು ಎಂಬ ನಂಬಿಕೆ ಎಲ್ಲಿಗೆ ಒಯ್ಯಬಲ್ಲದು ಎನ್ನುವುದಕ್ಕೆ ಇತಿಹಾಸದಲ್ಲೇ ಉದಾಹರಣೆಯಿದೆ. ಮಿದುಳಿಗೆ ಹಬ್ಬಿದ ಸಿಫಿಲಿಸ್ ರೋಗಿಗಳಿಗೆ ವಿಯೆನ್ನಾದ ಯೂಲಿಯುಸ್ ವಾಗ್ನರ್-ಯೌರೆಗ್ 1917ರಲ್ಲಿ ಬೇಕೆಂದೇ ಮಲೇರಿಯಾ ತಗುಲಿಸಿದರು. ಜ್ವರದ ತಾಪಕ್ಕೆ ಸಿಫಿಲಿಸ್ ರೋಗಾಣು ಸಾಯುತ್ತದೆ ಎಂಬುದು ಅವರ ಎಣಿಕೆ. ಬೇರೆ ಮದ್ದಿಲ್ಲದ ಕಾಲ ಅದು. ಕೆಲವರು ಚೇತರಿಸಿಕೊಂಡರು, ಮಲೇರಿಯಾದಿಂದಲೇ ಸತ್ತವರೂ ಇದ್ದರು. 1927ರಲ್ಲಿ ಅವರಿಗೆ ನೊಬೆಲ್ ಬಂತು. ಪೆನಿಸಿಲಿನ್ ಬಂದ ಮೇಲೆ ಆ ಪದ್ಧತಿ ಮೂಲೆಗೆ ಸರಿಯಿತು. ಇದೇ ತರ್ಕವನ್ನು ಎಚ್‌ಐವಿಗೆ ಹಚ್ಚಿದವರು ಹೆನ್ರಿ ಹೈಮ್ಲಿಕ್. ಗಂಟಲಲ್ಲಿ ತುತ್ತು ಸಿಕ್ಕಿಕೊಂಡವರ ಹೊಟ್ಟೆ ಒತ್ತಿ ಪ್ರಾಣ ಉಳಿಸುವ ವಿಧಾನದಿಂದ ಜಗತ್ತಿಗೇ ಪರಿಚಿತರಾದ ಅಮೆರಿಕದ ವೈದ್ಯರು ಇವರು. 1990ರ ದಶಕದಲ್ಲಿ ಅವರ ಪ್ರೋತ್ಸಾಹದಿಂದ ಚೀನಾದಲ್ಲಿ ಎಚ್‌ಐವಿ ಸೋಂಕಿತರಿಗೆ ಮಲೇರಿಯಾ ಚುಚ್ಚಿದರು. ವೈದ್ಯಲೋಕ ಇದನ್ನು ಕಟುವಾಗಿ ಖಂಡಿಸಿತು. ಮಲೇರಿಯಾ ಬಂದರೆ ಎಚ್‌ಐವಿ ಪ್ರಮಾಣ ಇಳಿಯುವ ಬದಲು ಏರುತ್ತದೆ ಎಂಬುದು ಆಫ್ರಿಕಾದ ಮಲಾವಿಯ ಅಧ್ಯಯನಗಳಿಂದ ಸ್ಪಷ್ಟವಾಯಿತು. ಖ್ಯಾತ ವೈದ್ಯರೊಬ್ಬರು ಗಾದೆಯನ್ನು ನಂಬಿ, ಪುರಾವೆಗೆ ಕಾಯದೆ ಹೊರಟದ್ದರ ಫಲ ಇದು. ಬೆಲೆ ತೆತ್ತವರು ಮಾತ್ರ ಅವರಲ್ಲ.

ಜಿಬಿ ವೈರಸ್ ಮಲೇರಿಯಾದಂತೆ ಉಗ್ರವಲ್ಲ ಎಂದು ವಾದಿಸಬಹುದು. ಒಪ್ಪುತ್ತೇನೆ. ಆದರೆ ಒಮ್ಮೆ ದೇಹಕ್ಕೆ ಬಿಟ್ಟ ವೈರಸ್ಸಿನ ಪ್ರಮಾಣವನ್ನು ಮಾತ್ರೆಯಂತೆ ಹೆಚ್ಚುಕಡಿಮೆ ಮಾಡಲು ಬರುವುದಿಲ್ಲ, ಬೇಡವೆಂದಾಗ ನಿಲ್ಲಿಸಲೂ ಬರುವುದಿಲ್ಲ. ಅದು ಇನ್ನೊಬ್ಬರಿಗೆ ಹರಡುತ್ತದೆ. ಅವರ ಒಪ್ಪಿಗೆ ಕೇಳುವವರು ಯಾರು? ಸಿಕ್ಕ ಜ್ಞಾನವನ್ನು ಬಳಸಿಕೊಳ್ಳಲು ವೈರಸ್ಸೇ ಬೇಕೆಂದೂ ಇಲ್ಲ. ಸಿಸಿಆರ್5 ಬಾಗಿಲನ್ನು ಮುಚ್ಚಿ ಎಚ್‌ಐವಿಯನ್ನು ತಡೆಯುವ ಮ್ಯಾರವಿರಾಕ್ ಎಂಬ ಮಾತ್ರೆಗೆ 2007ರಲ್ಲೇ ಅನುಮತಿ ಸಿಕ್ಕಿತು. ಅದರ ಹುಟ್ಟು ಬೇರೆ ಸಂಶೋಧನೆಗಳಿಂದ ಆದದ್ದು, ಆದರೆ ಎರಡರ ತತ್ವ ಒಂದೇ. ಇ2 ಪ್ರೋಟೀನಿನ ಚಿಕ್ಕ ತುಣುಕೇ ಟಿ ಕಣವನ್ನು ಶಾಂತಗೊಳಿಸಬಲ್ಲದು ಎಂದು ಪ್ರಯೋಗಾಲಯದಲ್ಲಿ ಗೊತ್ತಾಗಿರುವಾಗ, ಮುಂದಿನ ಹುಡುಕಾಟ ಆ ತುಣುಕಿನ ಸುತ್ತ ನಡೆಯಬೇಕು. ಚಿಕಿತ್ಸೆಯಲ್ಲಿರುವವರಲ್ಲೂ ಪೂರ್ತಿ ತಣಿಯದ ಉದ್ರೇಕ ಹೃದಯದ ಕಾಯಿಲೆಯಂಥ ತೊಂದರೆಗಳಿಗೆ ದಾರಿಯಾಗುತ್ತಿರುವುದರಿಂದ ಆ ಹುಡುಕಾಟಕ್ಕೆ ಇಂದಿಗೂ ಬೆಲೆಯಿದೆ.

ಈ ಚರ್ಚೆ ನಡೆದದ್ದು ಅಯೋವಾ, ಹ್ಯಾನೋವರ್, ಆಮ್‌ಸ್ಟರ್‌ಡ್ಯಾಮ್‌ಗಳಲ್ಲಿ. ಅದರ ಅರೆಬೆಂದ ಸುದ್ದಿ ಬಂದು ಬೀಳುವುದು ಮಾತ್ರ ನಮ್ಮೂರಿನ ಮೊಬೈಲುಗಳಿಗೆ. ‘ಮಾತ್ರೆ ಇಲ್ಲದೆಯೂ ಏಡ್ಸ್ ತಡೆಯಬಹುದು, ವಿಜ್ಞಾನಿಗಳೇ ಹೇಳಿದ್ದಾರೆ’ ಎಂಬ ಸಾಲು, ದಿನವೂ ಮಾತ್ರೆ ನುಂಗಿ ಬೇಸತ್ತವರಿಗೆ, ಯಾರಿಗೂ ಗೊತ್ತಾಗದಂತೆ ಆ ಮಾತ್ರೆಗಳ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗಿಬರಬೇಕಾದವರಿಗೆ ಎಂಥ ಆಸೆ ಹುಟ್ಟಿಸುತ್ತದೆ ಎಂದು ಅದನ್ನು ಹಂಚುವವರು ಒಂದು ಕ್ಷಣ ಯೋಚಿಸಬೇಕು. ಮಾತ್ರೆ ಬಿಟ್ಟರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಎಚ್‌ಐವಿ ಮತ್ತೆ ತಲೆಯೆತ್ತುತ್ತದೆ. ಬಿಟ್ಟು ಹಿಡಿದು ಮಾಡಿದರೆ ಔಷಧಕ್ಕೇ ಬಗ್ಗದ ವೈರಸ್ ಹುಟ್ಟಬಹುದು.

ಅಯೋವಾದ ಅಂಕಿಗಳನ್ನು ಇಂದಿನ ಚಿಕಿತ್ಸೆಯ ಪಕ್ಕದಲ್ಲಿಟ್ಟು ನೋಡಬೇಕು. ಜಿಬಿ ವೈರಸ್ ಇದ್ದವರಲ್ಲೂ ನೂರಕ್ಕೆ ಇಪ್ಪತ್ತೆಂಟು ಮಂದಿ ತೀರಿಕೊಂಡರು, ಅದೂ ಸರಾಸರಿ ನಾಲ್ಕು ವರ್ಷಗಳಲ್ಲಿ. ಇದನ್ನು ರಕ್ಷಣೆ ಎಂದು ಕೊಂಡಾಡುವುದು ಹೇಗೆ? ಭಾರತದಲ್ಲಿ 2004ರ ಏಪ್ರಿಲ್ 1ರಿಂದ ಎಆರ್‌ಟಿ ಉಚಿತವಾಗಿ ಸಿಗುತ್ತಿದೆ. 2017ರಿಂದ ಸಿಡಿ4 ಎಷ್ಟೇ ಇರಲಿ, ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ. ಬೇಗ ಶುರುಮಾಡಿ, ತಪ್ಪದೆ ತೆಗೆದುಕೊಂಡವರ ಆಯುಷ್ಯ ಸೋಂಕಿಲ್ಲದವರ ಆಯುಷ್ಯಕ್ಕೆ ಹತ್ತಿರ ಬಂದಿದೆ. ಚೆನ್ನೈ, ಪುಣೆಗಳೂ ಸೇರಿದಂತೆ ಒಂಬತ್ತು ದೇಶಗಳ ಊರುಗಳಲ್ಲಿ ನಡೆದ ಪ್ರಯೋಗ, ಬೇಗ ಚಿಕಿತ್ಸೆ ಶುರುಮಾಡಿದರೆ ಸಂಗಾತಿಗೆ ಎಚ್‌ಐವಿ ದಾಟುವುದು ಶೇ. 96ರಷ್ಟು ತಗ್ಗುತ್ತದೆಂದು 2011ರಲ್ಲಿ ತೋರಿಸಿತು. ಇದು ಜನರನ್ನು ಎರಡು ಗುಂಪು ಮಾಡಿ, ಚೀಟಿ ಎತ್ತಿದಂತೆ ಹಂಚಿ, ವರ್ಷಗಟ್ಟಲೆ ಹೋಲಿಸಿ ಪಡೆದ ಫಲಿತಾಂಶ. ಜಿಬಿ ವೈರಸ್ ಇಂಥ ಪರೀಕ್ಷೆಯನ್ನು ಎಂದೂ ದಾಟಿಲ್ಲ.

ಜಿಬಿ ವೈರಸ್ ಎಚ್‌ಐವಿಯ ವೃದ್ಧಿಗೆ ಅಡ್ಡಿಪಡಿಸುತ್ತದೆ. ಅದನ್ನು ದಾರಿಹೋಕ ಎಂದು ತಳ್ಳಿಹಾಕಿದವರು ಪ್ರಯೋಗಾಲಯದ ಸಾಕ್ಷ್ಯಕ್ಕೆ ಅನ್ಯಾಯ ಮಾಡಿದ್ದಾರೆ. ಅದನ್ನು ಮದ್ದು ಎಂದು ಮೆರೆಸಿದವರು ರೋಗಿಗಳಿಗೆ ಅನ್ಯಾಯ ಮಾಡುತ್ತಿದ್ದಾರೆ. ಎರಡನೆಯ ಅನ್ಯಾಯವೇ ದೊಡ್ಡದು, ಏಕೆಂದರೆ ಅದರಲ್ಲಿ ಜೀವ ಹೋಗುತ್ತದೆ. ವಿಜ್ಞಾನದ ಸುದ್ದಿ ಬರೆಯುವವರಲ್ಲಿ, ಹಂಚುವವರಲ್ಲಿ ನನ್ನ ಕೋರಿಕೆ ಇಷ್ಟೇ: ‘ನಂಟು ಕಂಡಿದೆ’ ಎಂಬುದನ್ನು ‘ಗುಣವಾಗುತ್ತದೆ’ ಎಂದು ಬದಲಿಸಬೇಡಿ. ಎಚ್‌ಐವಿಯೊಂದಿಗೆ ಬದುಕುತ್ತಿರುವವರಿಗೆ ಹೇಳಬೇಕಾದದ್ದೂ ಒಂದೇ. ಎಂಥ ಹೊಸ ಸುದ್ದಿ ಬಂದರೂ ಇವತ್ತಿನ ಮಾತ್ರೆಯನ್ನು ಇವತ್ತೇ ತೆಗೆದುಕೊಳ್ಳಿ. ಅನುಮಾನವಿದ್ದರೆ ಎಆರ್‌ಟಿ ಕೇಂದ್ರದ ವೈದ್ಯರನ್ನು ಕೇಳಿ, ಇಲ್ಲವೇ 1097 ಉಚಿತ ಸಹಾಯವಾಣಿಗೆ ಕರೆ ಮಾಡಿ.